ಮೆಮೊರಿ ಸಾಲದು ಎಂದರೆ ಹಳೆಯ ಮೇಲ್ ಅಳಿಸಬೇಡಿ

ಔಟ್‌ಲುಕ್ ತೆರೆದಿಟ್ಟುಕೊಂಡು ದಿನವಿಡೀ ಕೆಲಸ ಮಾಡುವವರಲ್ಲಿ ಹಲವರಿಗೆ ಈ ಸಂದೇಶದ ಪರಿಚಯವಿದೆ: ‘ಔಟ್ ಆಫ್ ಮೆಮೊರಿ ಆರ್ ಸಿಸ್ಟಮ್ ರಿಸೋರ್ಸಸ್’. ಕೆಲವು ವಿಂಡೋಗಳನ್ನು ಮುಚ್ಚಿ ಮತ್ತೆ ಪ್ರಯತ್ನಿಸಿ ಎಂಬ ಸಲಹೆಯೂ ಅದರ ಜೊತೆಗೇ ಬರುತ್ತದೆ. ರಿಟರ್ನ್ ಗಡುವು ಹತ್ತಿರವಾದ ಆಡಿಟರ್ ಕಚೇರಿಯಲ್ಲೋ, ಟೆಂಡರಿನ ಕೊನೆಯ ದಿನ ಗುತ್ತಿಗೆದಾರರ ಕಚೇರಿಯಲ್ಲೋ ಇದು ಕಾಣಿಸಿಕೊಂಡರೆ ಜನ ಸಾಮಾನ್ಯವಾಗಿ ಎರಡರಲ್ಲೊಂದು ಕೆಲಸಕ್ಕೆ ಕೈಹಾಕುತ್ತಾರೆ. ಹಳೆಯ ಮೇಲ್‌ಗಳನ್ನು ವರ್ಷಗಟ್ಟಲೆ ಲೆಕ್ಕದಲ್ಲಿ ಅಳಿಸುತ್ತಾರೆ. ಇಲ್ಲವೇ ಕಂಪ್ಯೂಟರ್ ಅಂಗಡಿಗೆ ಫೋನ್ ಮಾಡಿ ರ‍್ಯಾಮ್ ಹಾಕಿಸುತ್ತಾರೆ. ಮೊದಲನೆಯದರಿಂದ ದಾಖಲೆ ಹೋಯಿತು, ಎರಡನೆಯದರಿಂದ ದುಡ್ಡು ಹೋಯಿತು. ಸಂದೇಶ ಮಾತ್ರ ಮರುದಿನವೂ ಹಾಜರು.

ಆ ಹೊತ್ತಿನಲ್ಲಿ ಟಾಸ್ಕ್ ಮ್ಯಾನೇಜರ್ ತೆರೆದು ನೋಡಿದವರಿಗೆ ಇನ್ನೂ ಗೊಂದಲ. ಎಂಟು ಜಿಬಿ ರ‍್ಯಾಮ್‌ನಲ್ಲಿ ಮೂರು ಜಿಬಿ ಖಾಲಿ ಇದೆ ಎಂದು ಅಲ್ಲಿ ಸ್ಪಷ್ಟವಾಗಿ ಬರೆದಿರುತ್ತದೆ. ಹಾಗಾದರೆ ಔಟ್‌ಲುಕ್‌ಗೆ ಸಾಲದೆ ಹೋದದ್ದು ಏನು?

ಬಹುತೇಕ ಸಲ ಸಾಲದೆ ಹೋಗುವುದು ವಿಳಾಸ. ಪ್ರೋಗ್ರಾಂ ಒಂದು ತನ್ನ ಕೆಲಸಕ್ಕೆ ಬೇಕಾದ ಜಾಗವನ್ನು ವಿಂಡೋಸ್‌ನಿಂದ ಕೇಳಿ ಪಡೆಯುತ್ತದೆ. ಆ ಜಾಗದ ಪ್ರತಿ ಬೈಟ್‌ಗೂ ಒಂದು ಸಂಖ್ಯೆ ಇರುತ್ತದೆ. 32 ಬಿಟ್ ಪ್ರೋಗ್ರಾಂ ಈ ಸಂಖ್ಯೆಯನ್ನು 32 ಬಿಟ್‌ಗಳಲ್ಲಿ ಬರೆಯುತ್ತದೆ. ಹಾಗೆ ಬರೆಯಬಹುದಾದ ಸಂಖ್ಯೆಗಳು ಒಟ್ಟು 4,29,49,67,296, ಅಂದರೆ ನಾಲ್ಕು ಜಿಬಿ. ವಿಂಡೋಸ್ ಇದರಲ್ಲಿ ಅರ್ಧವನ್ನು ತನಗಾಗಿ ಇಟ್ಟುಕೊಳ್ಳುತ್ತದೆ. ಪ್ರೋಗ್ರಾಂಗೆ ಉಳಿಯುವುದು ಎರಡು ಜಿಬಿ. 64 ಬಿಟ್ ವಿಂಡೋಸ್‌ನಲ್ಲಿ, ತಯಾರಕರು ತಕ್ಕ ಗುರುತು ಹಾಕಿಟ್ಟ 32 ಬಿಟ್ ಪ್ರೋಗ್ರಾಂಗೆ ಪೂರ್ತಿ ನಾಲ್ಕು ಜಿಬಿ ಸಿಗುತ್ತದೆ, ಅದಕ್ಕಿಂತ ಒಂದು ಬೈಟ್ ಕೂಡ ಹೆಚ್ಚಿಲ್ಲ. ಕಂಪ್ಯೂಟರ್‌ನಲ್ಲಿ 16 ಜಿಬಿ ರ‍್ಯಾಮ್ ಇರಲಿ, 64 ಜಿಬಿ ಇರಲಿ, ಈ ಲೆಕ್ಕ ಬದಲಾಗುವುದಿಲ್ಲ. ಇಂಟೆಲ್‌ನ 32 ಬಿಟ್ ಪ್ರೊಸೆಸರ್ 80386 ಬಂದದ್ದು 1985ರಲ್ಲಿ. ಆಗ ನಾಲ್ಕು ಜಿಬಿ ಎಂದರೆ ಯಾರೂ ತಲುಪದ ದೂರ. ಮೈಕ್ರೋಸಾಫ್ಟ್ ಆಫೀಸ್‌ಗೆ 64 ಬಿಟ್ ಆವೃತ್ತಿ ಮೊದಲು ಬಂದದ್ದು 2010ರಲ್ಲಿ; ಆಮೇಲೂ ಬಹಳ ವರ್ಷ, ಬೇರೇನೂ ಆರಿಸದಿದ್ದರೆ ಇನ್‌ಸ್ಟಾಲ್ ಆಗುತ್ತಿದ್ದದ್ದು 32 ಬಿಟ್‌ನದೇ. ಹಾಗಾಗಿ ಹೊಸ ಯಂತ್ರದಲ್ಲೂ ಹಳೆಯ ಮಿತಿಯ ಔಟ್‌ಲುಕ್ ಓಡುತ್ತಿರುವ ಕಚೇರಿಗಳು ಇಂದಿಗೂ ಇವೆ.

ಸಿಕ್ಕ ಜಾಗ ಪೂರ್ತಿ ತುಂಬುವ ಮೊದಲೇ ಸಂದೇಶ ಬರುವುದಕ್ಕೆ ಇನ್ನೊಂದು ಕಾರಣವಿದೆ. ಮದುವೆ ಊಟದ ಪಂಕ್ತಿಯಲ್ಲಿ ಅಲ್ಲೊಂದು ಇಲ್ಲೊಂದು ಎಲೆ ಖಾಲಿ ಇದ್ದು, ಒಟ್ಟು ಎಣಿಸಿದರೆ ಇಪ್ಪತ್ತು ಜನಕ್ಕೆ ಜಾಗ ಇರಬಹುದು. ಆದರೆ ಒಟ್ಟಿಗೇ ಕೂರಬೇಕೆಂಬ ಎಂಟು ಜನರ ಕುಟುಂಬಕ್ಕೆ ಅಲ್ಲಿ ಜಾಗವಿಲ್ಲ. ಪ್ರೋಗ್ರಾಂ ದೊಡ್ಡ ತುಂಡೊಂದನ್ನು ಕೇಳಿದಾಗ ಅದಕ್ಕೂ ಬಿಡುವಿಲ್ಲದ ಸಾಲು ಬೇಕು. ಔಟ್‌ಲುಕ್ ಬೆಳಿಗ್ಗೆಯಿಂದ ನೂರಾರು ಮೇಲ್ ತೆರೆದು ಮುಚ್ಚಿರುತ್ತದೆ. ಅದರ ಜೊತೆಗೆ ಓಡುವ ಹತ್ತಾರು ಡಿಎಲ್‌ಎಲ್ ಕಡತಗಳು (ಪ್ರೋಗ್ರಾಂಗಳು ಹಂಚಿಕೊಂಡು ಬಳಸುವ ಕೋಡ್) ಆ ಜಾಗದ ನಡುನಡುವೆ ಬೀಡುಬಿಟ್ಟಿರುತ್ತವೆ. ಸಂಜೆಯ ಹೊತ್ತಿಗೆ ಉಳಿದದ್ದೆಲ್ಲ ಚೂರುಚೂರು. ಬೆಳಿಗ್ಗೆ ಸಲೀಸಾಗಿ ತೆರೆದ ಮೇಲ್ ಸಂಜೆ ತೆರೆಯದಿರುವುದು, ಔಟ್‌ಲುಕ್ ಮುಚ್ಚಿ ತೆರೆದರೆ ಎಲ್ಲವೂ ಸರಿಹೋಗುವುದು ಇದರಿಂದಲೇ.

ಇಷ್ಟು ದೊಡ್ಡ ತುಂಡು ಒಂದು ಮೇಲ್‌ಗೆ ಯಾಕೆ ಬೇಕು? ಇದಕ್ಕೆ ಇಮೇಲ್ ಬೆಳೆದು ಬಂದ ದಾರಿ ನೋಡಬೇಕು. ಮೊದಲ ಕಾಲದ ಇಮೇಲ್ ಇಂಗ್ಲಿಷ್ ಅಕ್ಷರಗಳಿಗಷ್ಟೇ ಕಟ್ಟಿದ ವ್ಯವಸ್ಥೆ. ಅದರ ಮೇಲೆ ಚಿತ್ರ, ಧ್ವನಿ, ಬೇರೆ ಲಿಪಿಗಳನ್ನು ಸಾಗಿಸುವ ಉಪಾಯವನ್ನು 1992ರಲ್ಲಿ ನಥಾನಿಯಲ್ ಬೋರೆನ್‌ಸ್ಟೀನ್ ಮತ್ತು ನೆಡ್ ಫ್ರೀಡ್ ರೂಪಿಸಿದರು. ಅದೇ ಮೈಮ್ ಪದ್ಧತಿ. ಚಿತ್ರದ ಪ್ರತಿ ಮೂರು ಬೈಟನ್ನು ನಾಲ್ಕು ಸಾದಾ ಅಕ್ಷರಗಳಾಗಿ ಬರೆದು ಕಳಿಸುವ ಬೇಸ್64 ವಿಧಾನ ಅದರ ಭಾಗ. ಹಾಗಾಗಿ ಒಂಬತ್ತು ಎಂಬಿ ಕಡತ ದಾರಿಯಲ್ಲಿ 12 ಎಂಬಿ ಆಗುತ್ತದೆ. ಕನ್ನಡಕ್ಕೂ ಈ ಹಿಗ್ಗುವಿಕೆ ತಪ್ಪಿದ್ದಲ್ಲ. ಯೂನಿಕೋಡ್‌ನ ಯುಟಿಎಫ್-8 ಕ್ರಮದಲ್ಲಿ ‘ಕ’ ಎಂಬ ಒಂದಕ್ಷರಕ್ಕೆ ಮೂರು ಬೈಟ್. ಕೋಟೆಡ್-ಪ್ರಿಂಟಬಲ್ ಎಂಬ ಇನ್ನೊಂದು ಮೈಮ್ ವಿಧಾನದಲ್ಲಿ ಕಳಿಸಿದರೆ ಅದೇ ‘ಕ’ ಒಂಬತ್ತು ಅಕ್ಷರಗಳ ಸಾಲಾಗಿ ಹೋಗುತ್ತದೆ. ಹಾಗೆಂದು ಕನ್ನಡದಲ್ಲಿ ಬರೆಯಲು ಹಿಂಜರಿಯಬೇಕಿಲ್ಲ. ಎಷ್ಟೇ ಉದ್ದದ ಪತ್ರವಾದರೂ ಅಕ್ಷರಗಳ ತೂಕ ಎಂಬಿ ಮುಟ್ಟುವುದು ಅಪರೂಪ.

ನಿಜವಾದ ಭಾರ ಇರುವುದು ಚಿತ್ರಗಳಲ್ಲಿ. ಮೊಬೈಲ್‌ನಲ್ಲಿ ತೆಗೆದ 12 ಮೆಗಾಪಿಕ್ಸೆಲ್ ಫೋಟೋ ಒಂದನ್ನು ಮೇಲ್‌ನ ಪಠ್ಯದೊಳಗೇ ಅಂಟಿಸಿ ಯಾರೋ ಕಳಿಸಿದ್ದಾರೆ ಎನ್ನಿ. ಕಡತದ ಗಾತ್ರ ಮೂರು ಎಂಬಿ. ಅದು ಜೆಪೆಗ್ ವಿಧಾನದಲ್ಲಿ ಕುಗ್ಗಿಸಿಟ್ಟ ಗಾತ್ರ. ಪರದೆಗೆ ತರಬೇಕಾದರೆ ಬಿಡಿಸಬೇಕು. ಅಡ್ಡಕ್ಕೆ 4,000 ಚುಕ್ಕಿ, ಉದ್ದಕ್ಕೆ 3,000 ಚುಕ್ಕಿ, ಒಟ್ಟು 1 ಕೋಟಿ 20 ಲಕ್ಷ. ಪ್ರತಿ ಚುಕ್ಕಿಗೆ ನಾಲ್ಕು ಬೈಟ್‌ನಂತೆ ಪೂರ್ತಿ ಬಿಡಿಸಿದರೆ 4 ಕೋಟಿ 80 ಲಕ್ಷ ಬೈಟ್, ಸುಮಾರು 46 ಎಂಬಿ. ಮೂರು ಇದ್ದದ್ದು 46 ಆಯಿತು. ಅದಕ್ಕೆ ಉತ್ತರ, ಉತ್ತರಕ್ಕೆ ಮರು ಉತ್ತರ ಎಂದು ಅದೇ ಪತ್ರ ಹನ್ನೆರಡು ಸಲ ಓಡಾಡಿ, ಒಬ್ಬೊಬ್ಬರೂ ಸೈಟಿನ ಇನ್ನೊಂದು ಫೋಟೋ ಸೇರಿಸುತ್ತ ಹೋದರೆ ಕೊನೆಯ ಮೇಲ್ ತೆರೆಯುವಾಗ ಅರ್ಧ ಜಿಬಿಗೂ ಹೆಚ್ಚು ಬೇಕಾಗಬಹುದು. ಪತ್ರದ ಪೆಟ್ಟಿಗೆಯಲ್ಲಿ ಅದು ಬರೀ 40, 50 ಎಂಬಿಯ ಸಾಧು ಮೇಲ್‌ನಂತೆ ಕಾಣುತ್ತಿರುತ್ತದೆ. ಕಟ್ಟಡದ ಫೋಟೋ ಕಳಿಸುವ ಎಂಜಿನಿಯರುಗಳಿಗೆ ನನ್ನ ವಿನಂತಿ ಇಷ್ಟೇ: ಪಠ್ಯದೊಳಗೆ ಅಂಟಿಸಬೇಡಿ, ಅಟ್ಯಾಚ್ ಮಾಡಿ. ಅಟ್ಯಾಚ್ ಮಾಡಿದ ಚಿತ್ರವನ್ನು ನೋಡಬೇಕಾದವರು ತೆರೆದಾಗ ಮಾತ್ರ ಅದು ಬಿಚ್ಚಿಕೊಳ್ಳುತ್ತದೆ.

ಸಂದೇಶದ ಎರಡನೆಯ ಅರ್ಧ, ಅಂದರೆ ‘ಸಿಸ್ಟಮ್ ರಿಸೋರ್ಸಸ್’ ಎಂಬ ಭಾಗ, ಬೇರೆಯದೇ ಮಿತಿಯನ್ನು ಹೇಳುತ್ತದೆ. ಪರದೆಯ ಮೇಲೆ ಕಾಣುವ ಬಟನ್, ಐಕಾನ್, ಫಾಂಟ್, ಕುಂಚಗಳಿಗೆ ವಿಂಡೋಸ್ ಒಂದೊಂದು ಹಿಡಿಕೆ ಕೊಡುತ್ತದೆ. ಫಾಂಟ್, ಕುಂಚದಂಥವಕ್ಕೆ ಜಿಡಿಐ ಆಬ್ಜೆಕ್ಟ್ ಎಂದೂ ಬಟನ್, ಐಕಾನ್‌ನಂಥವಕ್ಕೆ ಯೂಸರ್ ಆಬ್ಜೆಕ್ಟ್ ಎಂದೂ ಹೆಸರು. ಒಂದು ಪ್ರೋಗ್ರಾಂಗೆ ಸಾಮಾನ್ಯವಾಗಿ ಸಿಗುವುದು ಒಂದೊಂದು ಬಗೆಯಲ್ಲೂ 10,000. ಮೂವತ್ತು ಮೇಲ್‌ಗಳನ್ನು ಬೇರೆ ಬೇರೆ ವಿಂಡೋಗಳಲ್ಲಿ ತೆರೆದಿಟ್ಟು, ಏಳೆಂಟು ಜನರ ಕ್ಯಾಲೆಂಡರ್‌ಗಳನ್ನು ಪಕ್ಕಪಕ್ಕದಲ್ಲಿ ಹರಡಿಕೊಂಡವರು ಈ ಮಿತಿಯತ್ತ ಬೇಗ ಸಾಗುತ್ತಾರೆ. ಇದನ್ನು ಕಣ್ಣಾರೆ ನೋಡಬಹುದು. ಟಾಸ್ಕ್ ಮ್ಯಾನೇಜರ್‌ನ ಡೀಟೇಲ್ಸ್ ಪುಟದಲ್ಲಿ ಮೇಲಿನ ಶೀರ್ಷಿಕೆ ಸಾಲಿನ ಮೇಲೆ ರೈಟ್ ಕ್ಲಿಕ್ ಮಾಡಿ, ಸೆಲೆಕ್ಟ್ ಕಾಲಮ್ಸ್‌ಗೆ ಹೋಗಿ ‘ಜಿಡಿಐ ಆಬ್ಜೆಕ್ಟ್ಸ್’, ‘ಯೂಸರ್ ಆಬ್ಜೆಕ್ಟ್ಸ್’, ‘ಕಮಿಟ್ ಸೈಜ್’ (ಪ್ರೋಗ್ರಾಂ ಕೇಳಿ ಪಡೆದ ಮೆಮೊರಿ) ಈ ಮೂರಕ್ಕೂ ಟಿಕ್ ಹಾಕಿ. ಮೇಲ್ ಒಂದನ್ನು ತೆರೆಯಿರಿ, ಸಂಖ್ಯೆ ಏರುತ್ತದೆ. ಮುಚ್ಚಿ, ಇಳಿಯಬೇಕು. ಮುಚ್ಚಿದರೂ ಇಳಿಯದೆ, ಪ್ರತಿ ಸಲ ತೆರೆದಾಗ ಮತ್ತಷ್ಟು ಏರುತ್ತಲೇ ಇದ್ದರೆ ಯಾವುದೋ ಕೋಡ್ ಪಡೆದದ್ದನ್ನು ಹಿಂದಿರುಗಿಸುತ್ತಿಲ್ಲ. ಇದಕ್ಕೇ ಲೀಕ್ ಎನ್ನುವುದು.

ಲೀಕ್ ಆಗುತ್ತಿದ್ದರೆ ಮೊದಲು ಅನುಮಾನಿಸಬೇಕಾದದ್ದು ಆಡ್-ಇನ್‌ಗಳನ್ನು. ಆಂಟಿವೈರಸ್‌ನವರದ್ದು, ಮೀಟಿಂಗ್ ಆ್ಯಪ್‌ನವರದ್ದು, ಪಿಡಿಎಫ್ ಮಾಡುವ ತಂತ್ರಾಂಶದವರದ್ದು ಎಂದು ಕೇಳದೆಯೇ ಬಂದು ಕೂತ ತುಣುಕುಗಳು ಇವು. ಹಳೆಯ ಮಾದರಿಯ ಆಡ್-ಇನ್‌ಗಳು ಔಟ್‌ಲುಕ್‌ನ ಒಳಗೇ ಓಡುವುದರಿಂದ ಅವು ಬಳಸಿದ ಜಾಗವೂ ಔಟ್‌ಲುಕ್‌ಗೆ ಸಿಕ್ಕ ಜಾಗದಿಂದಲೇ ಕಳೆಯುತ್ತದೆ. ಪರೀಕ್ಷೆ ಸುಲಭ. ಕಂಟ್ರೋಲ್ ಕೀ ಒತ್ತಿ ಹಿಡಿದು ಔಟ್‌ಲುಕ್ ಐಕಾನ್ ಕ್ಲಿಕ್ ಮಾಡಿದರೆ ಸೇಫ್ ಮೋಡ್‌ನಲ್ಲಿ ತೆರೆಯಲೇ ಎಂದು ಕೇಳುತ್ತದೆ, ಹೌದು ಎನ್ನಿ. ಆಡ್-ಇನ್‌ಗಳಿಲ್ಲದೆ ಅರ್ಧ ದಿನ ಎಂದಿನಂತೆ ಕೆಲಸ ಮಾಡಿ. ಸಂದೇಶ ಬರದಿದ್ದರೆ ಅಪರಾಧಿ ಅವುಗಳಲ್ಲೇ ಇದೆ. ಆಮೇಲೆ ಒಂದೊಂದನ್ನೇ ಚಾಲೂ ಮಾಡುತ್ತ ಹೋಗಬೇಕು. ಬೇಸರದ ಕೆಲಸ, ನಿಜ. ಆದರೆ ಎಲ್ಲವನ್ನೂ ಒಟ್ಟಿಗೆ ತೆಗೆದುಬಿಟ್ಟರೆ ಯಾವುದರಿಂದ ತೊಂದರೆಯಾಯಿತು ಎಂಬುದು ಗೊತ್ತಾಗುವುದೇ ಇಲ್ಲ.

ಹಳೆಯ ಮೇಲ್ ಅಳಿಸುವ ವಿಷಯಕ್ಕೆ ಬರೋಣ. ಸಾವಿರಾರು ಪತ್ರಗಳು ಡಿಸ್ಕ್‌ನಲ್ಲಿ ಪಿಎಸ್‌ಟಿ ಅಥವಾ ಒಎಸ್‌ಟಿ ಕಡತದಲ್ಲಿ ಮಲಗಿರುತ್ತವೆ. ಔಟ್‌ಲುಕ್ ಆ ಕಡತವನ್ನು ಪೂರ್ತಿಯಾಗಿ ರ‍್ಯಾಮ್‌ಗೆ ಎಳೆದುಕೊಳ್ಳುವುದಿಲ್ಲ. ಬೇಕಾದ ಪುಟಗಳನ್ನಷ್ಟೇ ಓದುತ್ತದೆ. 2017ರ ಪತ್ರಗಳನ್ನು ಅಳಿಸಿದರೆ ಇಂದು ಸಂಜೆಯ ಮೆಮೊರಿ ಲೆಕ್ಕದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಾಗದು. ಡಿಸ್ಕ್ ಮೇಲಿನ ಕಡತ ಕೂಡ ಅಳಿಸಿದ ತಕ್ಷಣ ಚಿಕ್ಕದಾಗುವುದಿಲ್ಲ, ಒಳಗೆ ಖಾಲಿ ಜಾಗ ಉಳಿಯುತ್ತದೆ ಅಷ್ಟೇ. ಅಳಿಸಿದ್ದಕ್ಕೆ ಬೆಲೆ ಮಾತ್ರ ದೊಡ್ಡದು. ಖಾತೆ ಐಮ್ಯಾಪ್‌ನದಾಗಿದ್ದರೆ ಇಲ್ಲಿ ಅಳಿಸಿದ್ದು ಸರ್ವರ್‌ನಿಂದಲೂ, ನಿಮ್ಮ ಮೊಬೈಲ್‌ನಿಂದಲೂ ಮಾಯವಾಗುತ್ತದೆ. ಜಮೀನಿನ ವ್ಯವಹಾರವೋ ವಿಮೆಯ ತಕರಾರೋ ವರ್ಷಗಳ ನಂತರ ಎದ್ದಾಗ ಆ ಪತ್ರವೇ ಸಾಕ್ಷಿಯಾಗಬೇಕಾಗಿರುತ್ತದೆ. ಇನ್ನೊಂದು ಸಮಸ್ಯೆಗೆ ಹೇಳಿದ ಮದ್ದನ್ನು ಇದಕ್ಕೆ ಕುಡಿಸುವುದರಿಂದಲೇ ಈ ನಷ್ಟ.

ಆ ಇನ್ನೊಂದು ಸಮಸ್ಯೆ ಕಡತದ ಗಾತ್ರದ್ದು. ಔಟ್‌ಲುಕ್ 2002ರವರೆಗಿನ ಪಿಎಸ್‌ಟಿ ಎರಡು ಜಿಬಿ ದಾಟುವಂತಿರಲಿಲ್ಲ. 2003ರಲ್ಲಿ ಬಂದ ಯೂನಿಕೋಡ್ ಮಾದರಿಗೆ 20 ಜಿಬಿ, 2010ರಿಂದ 50 ಜಿಬಿ ಮಿತಿ ಇಟ್ಟಿದ್ದಾರೆ. ಇದನ್ನು ಮುಟ್ಟಿದಾಗ ಹೊಸ ಮೇಲ್ ಇಳಿಯುವುದು ನಿಲ್ಲುತ್ತದೆ. ಆಗಲೂ ಅಳಿಸುವುದಕ್ಕಿಂತ ಹಳೆಯ ವರ್ಷಗಳನ್ನು ಇನ್ನೊಂದು ಪಿಎಸ್‌ಟಿಗೆ ಆರ್ಕೈವ್ ಮಾಡಿ, ಅದರ ಪ್ರತಿಯನ್ನು ಬೇರೆ ಡಿಸ್ಕ್‌ನಲ್ಲಿಡುವುದು ಲೇಸು. ಕಡತವೇ ಕೆಟ್ಟಿದೆ ಎಂಬ ಅನುಮಾನವಿದ್ದರೆ ಆಫೀಸ್ ಜೊತೆಗೇ ಬರುವ ಸ್ಕ್ಯಾನ್‌ಪಿಎಸ್‌ಟಿ ಉಪಕರಣವಿದೆ. ಅದನ್ನು ಓಡಿಸುವ ಮುನ್ನ ಮೂಲ ಕಡತದ ನಕಲು ತೆಗೆದಿಡಿ.

ಔಟ್‌ಲುಕ್ ಬದಲು ಥಂಡರ್‌ಬರ್ಡ್ ಎಂಬ ಮೇಲ್ ತಂತ್ರಾಂಶ ಬಳಸುವವರಿಗೆ ಪಾಠ ಸ್ವಲ್ಪ ಬೇರೆ. ಅಲ್ಲಿ ಸಾಮಾನ್ಯವಾಗಿ ಒಂದೊಂದು ಫೋಲ್ಡರ್‌ಗೂ ಒಂದೇ ಉದ್ದನೆಯ ಕಡತ. ಅಳಿಸಿದ ಮೇಲ್‌ಗೆ ಅಳಿಸಿದೆ ಎಂಬ ಗುರುತು ಬೀಳುತ್ತದೆಯೇ ಹೊರತು ಅದು ಕಡತದಲ್ಲೇ ಉಳಿದಿರುತ್ತದೆ. ಕಾಂಪ್ಯಾಕ್ಟ್ ಮಾಡಿದಾಗಲೇ ಹೋಗುವುದು. ಪ್ರತಿ ಫೋಲ್ಡರ್‌ಗೂ ಒಂದು ಸೂಚಿ ಕಡತ ಬೇರೆ ಇರುತ್ತದೆ. ಫೋಲ್ಡರ್ ತೆರೆದಾಗ ಆ ಸೂಚಿ ಮೆಮೊರಿಗೆ ಬರುತ್ತದೆ. ಲಕ್ಷ ಮೇಲ್‌ಗಳನ್ನು ಇನ್‌ಬಾಕ್ಸ್ ಒಂದರಲ್ಲೇ ಪೇರಿಸಿಟ್ಟವರಿಗೆ ಇದು ಭಾರವಾಗುತ್ತದೆ. ವರ್ಷವಾರು ಫೋಲ್ಡರ್ ಮಾಡಿ ಹಂಚಿದರೆ ಹಗುರವಾಗುತ್ತದೆ, ಒಂದೂ ಪತ್ರ ಕಳೆಯಬೇಕಿಲ್ಲ. ಸೂಚಿ ಕೆಟ್ಟಿದ್ದರೆ ಫೋಲ್ಡರ್‌ನ ಪ್ರಾಪರ್ಟೀಸ್‌ನಲ್ಲಿ ‘ರಿಪೇರ್ ಫೋಲ್ಡರ್’ ಇದೆ.

ಇನ್ನೊಂದು ಸಂದೇಶವೂ ಜನರನ್ನು ರ‍್ಯಾಮ್ ಅಂಗಡಿಗೆ ಓಡಿಸುತ್ತದೆ: ಉದ್ದನೆಯ ಸಂಖ್ಯೆಗಳ ನಡುವೆ ‘ದಿ ಮೆಮೊರಿ ಕುಡ್ ನಾಟ್ ಬಿ ರೆಡ್’. ರ‍್ಯಾಮ್ ಓದಲಾಗದಷ್ಟು ಕೆಟ್ಟಿದೆ ಎಂದು ಇದರ ಅರ್ಥವಲ್ಲ. ಪ್ರೋಗ್ರಾಂ ತನ್ನದಲ್ಲದ ವಿಳಾಸಕ್ಕೆ ಕೈಹಾಕಿತು, ವಿಂಡೋಸ್ ತಡೆಯಿತು. ಸಂಖ್ಯೆ ಬರೀ ಸೊನ್ನೆಗಳ ಸಾಲಾಗಿದ್ದರೆ, ಭರ್ತಿಯಾಗದ ಖಾಲಿ ವಿಳಾಸವನ್ನು ಯಾವುದೋ ಕೋಡ್ ನಿಜವೆಂದು ನಂಬಿತು ಎಂದೇ ಲೆಕ್ಕ. ಇಂಥ ತಪ್ಪು ಸಿಕ್ಕಿಬೀಳಲೆಂದೇ ವಿಂಡೋಸ್ ಸೊನ್ನೆಯಿಂದ ಶುರುವಾಗುವ ಮೊದಲ 64 ಕೆಬಿಯನ್ನು ಯಾರಿಗೂ ಕೊಡದೆ ಕಾಯ್ದಿರಿಸಿದೆ. ಇಲ್ಲೂ ಆಡ್-ಇನ್ ತನಿಖೆ, ಇಲ್ಲವೇ ಆಫೀಸ್ ಅಪ್‌ಡೇಟ್ ಮತ್ತು ರಿಪೇರ್.

ರ‍್ಯಾಮ್ ಕೆಡುವುದೇ ಇಲ್ಲವೇ? ಕೆಡುತ್ತದೆ. 1970ರ ದಶಕದ ಕೊನೆಯಲ್ಲಿ ಇಂಟೆಲ್‌ನ ತಿಮೋತಿ ಮೇ ಮತ್ತು ಮರ‍್ರೆ ವುಡ್ಸ್, ಚಿಪ್‌ನ ಪ್ಯಾಕೇಜಿಂಗ್‌ನಲ್ಲಿದ್ದ ವಿಕಿರಣಶೀಲ ಧಾತುಗಳ ಆಲ್ಫಾ ಕಣಗಳು ಬಿಟ್‌ಗಳನ್ನು ಮಗುಚಿಹಾಕುತ್ತವೆ ಎಂದು ತೋರಿಸಿದ್ದರು. ಸಡಿಲವಾಗಿ ಕೂತ ರ‍್ಯಾಮ್ ಕಡ್ಡಿಯಂಥ ಸರಳ ಕಾರಣಗಳೂ ಉಂಟು. ಆದರೆ ಕೆಟ್ಟ ರ‍್ಯಾಮ್ ಔಟ್‌ಲುಕ್ ಒಂದನ್ನೇ ಹುಡುಕಿ ಕಾಡುವುದಿಲ್ಲ. ಬ್ರೌಸರ್ ಬೀಳುತ್ತದೆ, ಎಕ್ಸೆಲ್ ಬೀಳುತ್ತದೆ, ನೀಲಿ ಪರದೆ ಬರುತ್ತದೆ, ಯಾವುದಕ್ಕೂ ಕ್ರಮವಿರುವುದಿಲ್ಲ. ಆಗ ವಿಂಡೋಸ್ ಮೆಮೊರಿ ಡಯಾಗ್ನೋಸ್ಟಿಕ್ ಓಡಿಸಿ ನೋಡಿ. ತೊಂದರೆ ಮೇಲ್ ತಂತ್ರಾಂಶಕ್ಕಷ್ಟೇ ಸೀಮಿತವಾಗಿದ್ದರೆ ಸಮಯವನ್ನು ಗಮನಿಸಿ. ತೆರೆದ ಕೂಡಲೇ ಬಂದರೆ ಪ್ರೊಫೈಲ್ ಅಥವಾ ದತ್ತಾಂಶ ಕಡತದ ಕಡೆ ನೋಡಬೇಕು. ಒಂದೇ ಮೇಲ್ ಮುಟ್ಟಿದಾಗಲೆಲ್ಲ ಬಂದರೆ ಆ ಮೇಲ್‌ನ ಚಿತ್ರಗಳು. ದಿನ ಕಳೆದಂತೆ ಬಂದರೆ ಲೀಕ್ ಅಥವಾ ಚೂರಾದ ವಿಳಾಸ.

ಚಿತ್ರಗಳ ಭಾರಕ್ಕೂ ಚೂರಾದ ವಿಳಾಸಕ್ಕೂ 64 ಬಿಟ್ ಆಫೀಸ್‌ಗೆ ಬದಲಾಗುವುದು ದೊಡ್ಡ ನೆರವು. ಔಟ್‌ಲುಕ್‌ನ ಫೈಲ್ ಮೆನುವಿನಲ್ಲಿ ಆಫೀಸ್ ಅಕೌಂಟ್, ಅಲ್ಲಿಂದ ‘ಅಬೌಟ್ ಔಟ್‌ಲುಕ್’ ತೆರೆದರೆ ಈಗಿರುವುದು ಯಾವುದೆಂದು ಬರೆದಿರುತ್ತದೆ. ಬದಲಿಸಲು 32 ಬಿಟ್‌ನದನ್ನು ತೆಗೆದುಹಾಕಿಯೇ ಹೊಸದನ್ನು ಇನ್‌ಸ್ಟಾಲ್ ಮಾಡಬೇಕು. ಪಿಎಸ್‌ಟಿ ಕಡತಗಳನ್ನು ಎರಡೂ ಓದುತ್ತವೆ, ಪತ್ರಗಳಿಗೆ ಅಪಾಯವಿಲ್ಲ. ನಿಮಗೆ ಅನಿವಾರ್ಯವಾದ ಆಡ್-ಇನ್‌ಗೆ 64 ಬಿಟ್ ರೂಪ ಇದೆಯೇ ಎಂದು ಮಾತ್ರ ಮೊದಲೇ ವಿಚಾರಿಸಿಕೊಳ್ಳಿ. ವಿಂಡೋಸ್ 8.1ರಿಂದ ಈಚೆಗೆ 64 ಬಿಟ್ ಪ್ರೋಗ್ರಾಂಗೆ ಸಿಗುವ ವಿಳಾಸ 128 ಟಿಬಿ. ಅಷ್ಟು ಜಾಗದಲ್ಲಿ ಚೂರುಗಳ ತೊಂದರೆ ಎದುರಾಗದು. ಲೀಕ್ ಇದ್ದರೆ ಮಾತ್ರ ಅದು ಎರಡು, ನಾಲ್ಕು ಜಿಬಿಗೆ ನಿಲ್ಲುವುದಿಲ್ಲ. ರ‍್ಯಾಮ್ ಮುಗಿಸಿ, ಡಿಸ್ಕ್‌ನ ಪೇಜ್ ಫೈಲ್‌ಗೂ ಚಾಚಿ, ಇಡೀ ಯಂತ್ರವನ್ನೇ ನಿಧಾನ ಮಾಡುತ್ತದೆ. ಜಿಡಿಐನ 10,000 ಕೂಡ ಅಲ್ಲಿ ಹಾಗೆಯೇ ಇದೆ. ಆದ್ದರಿಂದ ಬದಲಾಯಿಸಿದ ಮೇಲೂ ಒಂದು ವಾರ ಟಾಸ್ಕ್ ಮ್ಯಾನೇಜರ್‌ನ ಆ ಮೂರು ಕಾಲಮ್‌ಗಳನ್ನು ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ನೋಡಿ ಬರೆದಿಟ್ಟುಕೊಳ್ಳಿ.