ಕಾಲ್ಚೆಂಡಾಟದ ಭವಿಷ್ಯವನ್ನು ಗಣಿತವು ಹೇಳಬಲ್ಲುದೆ?

2022ನೆಯ ಇಸವಿಯ ನವೆಂಬರ್ 22ನೆಯ ತಾರೀಖು. ಕತಾರ್ ದೇಶದ ಲುಸೈಲ್ ಕ್ರೀಡಾಂಗಣದಲ್ಲಿ ಸುಮಾರು 88,000 ಪ್ರೇಕ್ಷಕರು ಕಿಕ್ಕಿರಿದು ಸೇರಿದ್ದರು. ವಿಶ್ವಕಪ್ ಪಂದ್ಯಾವಳಿಯಲ್ಲಿ ಅಂದು ಅರ್ಜೆಂಟೀನಕ್ಕೂ ಸೌದಿ ಅರೇಬಿಯಕ್ಕೂ ಕಾಲ್ಚೆಂಡಿನ ಪಂದ್ಯ. ಒಂದು ಕಡೆ, ಹಿಂದಿನ 36 ಅಂತರರಾಷ್ಟ್ರೀಯ ಪಂದ್ಯಗಳಲ್ಲಿ ಸೋಲನ್ನೇ ಕಾಣದಿದ್ದ, ಜಗತ್ತಿನ ಶ್ರೇಯಾಂಕ ಪಟ್ಟಿಯಲ್ಲಿ 3ನೆಯ ಸ್ಥಾನದಲ್ಲಿದ್ದ ತಂಡ. ಇನ್ನೊಂದು ಕಡೆ 51ನೆಯ ಸ್ಥಾನದ ತಂಡ. ಯಾರು ಗೆಲ್ಲುವರೆಂದು ಕೇಳುವುದೇ ಅನಾವಶ್ಯಕವೆಂದು ಬಹುಮಂದಿ ಭಾವಿಸಿದ್ದರು.

ಆಟದ ಆರಂಭವೂ ಹಾಗೆಯೇ ಇದ್ದಿತು. 10ನೆಯ ನಿಮಿಷದಲ್ಲಿ ಲಿಯೊನೆಲ್ ಮೆಸ್ಸಿ ಪೆನಾಲ್ಟಿ ಒದೆತದಿಂದ ಗೋಲು ಹೊಡೆದನು. ಅದೇ ಅವಧಿಯಲ್ಲಿ ಅರ್ಜೆಂಟೀನದವರು ಮತ್ತೆ ಮೂರು ಬಾರಿ ಚೆಂಡನ್ನು ಬಲೆಗೆ ಸೇರಿಸಿದರೂ ಆಫ್‌ಸೈಡ್ ಎಂದು ಆ ಮೂರನ್ನೂ ತಳ್ಳಿಹಾಕಲಾಯಿತು. ವಿರಾಮದ ಅನಂತರ ಐದೇ ನಿಮಿಷಗಳ ಅಂತರದಲ್ಲಿ ಸಾಲೆ ಅಲ್ ಶೆಹ್ರಿ ಒಂದು, ಸಲೇಂ ಅಲ್ ದೌಸರಿ ಒಂದು ಗೋಲು ಹೊಡೆದರು. ಪಂದ್ಯವು 2–1ರಲ್ಲಿ ಸೌದಿ ಅರೇಬಿಯದ ಪಾಲಾಯಿತು. ಆ ದೇಶದ ದೊರೆ ಮರುದಿನವನ್ನು ಸಾರ್ವತ್ರಿಕ ರಜೆಯೆಂದು ಸಾರಿದನು.

ಹಾಗಾದರೆ ಪಂದ್ಯಕ್ಕೆ ಮುಂಚೆ ಮಾಡಿದ್ದ ಲೆಕ್ಕಾಚಾರಗಳೆಲ್ಲ ಸುಳ್ಳೆ? ಶ್ರೇಯಾಂಕ, ಬಾಜಿಯ ದರ, ಗಣಕ ಯಂತ್ರಗಳು ನೀಡಿದ ಶೇಕಡಾಂಶ, ಇವೆಲ್ಲವೂ ಗಿಳಿಶಾಸ್ತ್ರಕ್ಕಿಂತ ಮೇಲಾದುವಲ್ಲವೆ? ಪ್ರಶ್ನೆ ಆಟದ್ದಾದರೂ ಉತ್ತರ ವಿಜ್ಞಾನದ್ದು. ಆದುದರಿಂದ ಈ ಒಂದು ಪಂದ್ಯವನ್ನೇ ಮುಂದಿಟ್ಟುಕೊಂಡು, ಅದರ ಹಿಂದಿನ ದಿನಕ್ಕೆ ಹೋಗಿ, ಭವಿಷ್ಯ ನುಡಿಯುವ ಬಗೆಯನ್ನು ನಾವು ಮೊದಲಿನಿಂದ ಪರಿಶೀಲಿಸೋಣ.

ಬಾಜಿಯ ದರದಲ್ಲಿ ಅಡಗಿರುವ ಲೆಕ್ಕ

ಬಾಜಿ ಕಟ್ಟುವುದನ್ನು ಕಾನೂನು ಒಪ್ಪಿರುವ ದೇಶಗಳಲ್ಲಿ, ದೊಡ್ಡ ಪಂದ್ಯಕ್ಕೆ ಮುಂಚೆ ಬಾಜಿ ಸ್ವೀಕರಿಸುವವರು ಒಂದೊಂದು ಫಲಿತಾಂಶಕ್ಕೂ ಒಂದೊಂದು ದರವನ್ನು ಪ್ರಕಟಿಸುತ್ತಾರೆ. ತಿಳಿವಳಿಕೆಗಾಗಿ ನಾವೇ ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳೋಣ. ಬಲಿಷ್ಠ ತಂಡದ ಗೆಲುವಿಗೆ 1.25, ಸಮಬಲಕ್ಕೆ 5, ದುರ್ಬಲ ತಂಡದ ಗೆಲುವಿಗೆ 12.5 ಎಂದು ದರವಿರಲಿ. ಅಂದರೆ 1 ರೂಪಾಯಿ ಕಟ್ಟಿ ಗೆದ್ದವನಿಗೆ, ಕಟ್ಟಿದ ರೂಪಾಯಿಯೂ ಸೇರಿ, ಕ್ರಮವಾಗಿ 1.25, 5 ಅಥವಾ 12.5 ರೂಪಾಯಿಗಳು ಕೈಸೇರುವುವು.

ಈ ದರಗಳನ್ನು ತಲೆಕೆಳಗು ಮಾಡಿದರೆ, ಎಂದರೆ 1ನ್ನು ದರದಿಂದ ಭಾಗಿಸಿದರೆ, ಆಯಾ ಫಲಿತಾಂಶದ ಸಂಭವನೀಯತೆ ದೊರೆಯಬೇಕು. ಭಾಗಿಸಿ ನೋಡಿದಾಗ ನೂರಕ್ಕೆ 80, 20 ಮತ್ತು 8 ಎಂದು ಬರುತ್ತದೆ. ಕೂಡಿಸಿ ನೋಡಿರಿ: ಮೊತ್ತ 108! ಮೂರರಲ್ಲಿ ಒಂದು ಫಲಿತಾಂಶ ಆಗಿಯೇ ತೀರಬೇಕಾದುದರಿಂದ ಮೊತ್ತವು ಸರಿಯಾಗಿ 100 ಆಗಬೇಕಾಗಿತ್ತು. ಹೆಚ್ಚಾದ ಈ 8 ಎಲ್ಲಿಂದ ಬಂದಿತು?

ಅದೇ ಬಾಜಿ ಸ್ವೀಕರಿಸುವವನ ಲಾಭ. ಜನರು ಮೊದಲನೆಯದಕ್ಕೆ 80, ಎರಡನೆಯದಕ್ಕೆ 20, ಮೂರನೆಯದಕ್ಕೆ 8 ರೂಪಾಯಿಗಳನ್ನು ಕಟ್ಟಿದರೆಂದು ಇಟ್ಟುಕೊಳ್ಳಿ. ಅವನಲ್ಲಿ ಸೇರಿದ ಹಣ 108 ರೂಪಾಯಿ. 80ನ್ನು 1.25ರಿಂದ ಗುಣಿಸಿದರೂ, 20ನ್ನು 5ರಿಂದ ಗುಣಿಸಿದರೂ, 8ನ್ನು 12.5ರಿಂದ ಗುಣಿಸಿದರೂ ಬರುವುದು 100. ಯಾವ ತಂಡ ಗೆದ್ದರೂ ಅವನು ಕೊಡಬೇಕಾದದ್ದು 100 ರೂಪಾಯಿ ಮಾತ್ರ. ಆಟದ ಭವಿಷ್ಯ ತಿಳಿಯದೆಯೇ ಅವನಿಗೆ 8 ರೂಪಾಯಿ ಉಳಿಯಿತು.

ಈಗ ಇದನ್ನೇ ಬಾಜಿ ಕಟ್ಟುವವನ ಕಡೆಯಿಂದ ನೋಡೋಣ. ಅವನು ಹಾಕುವ ಪ್ರತಿ 108 ರೂಪಾಯಿಗೆ ಸರಾಸರಿಯಾಗಿ ಹಿಂತಿರುಗುವುದು 100. ಹಿಂತಿರುಗಿದ್ದನ್ನೆಲ್ಲ ಮತ್ತೆ ಮತ್ತೆ ಹತ್ತು ಪಂದ್ಯಗಳಿಗೆ ಕಟ್ಟುತ್ತ ಹೋದರೆ, ಆರಂಭದ 100 ರೂಪಾಯಿಯಲ್ಲಿ ಸರಾಸರಿ ಉಳಿಯುವುದು ಸುಮಾರು 46 ಮಾತ್ರ. ನೂರರಲ್ಲೊಬ್ಬ ಗೆದ್ದು ಬೀಗಬಹುದು. ಆ ಒಬ್ಬನ ಕಥೆ ಊರೆಲ್ಲ ಹಬ್ಬುತ್ತದೆ, ಸೋತ ಉಳಿದವರು ಬಾಯಿ ಬಿಡುವುದಿಲ್ಲ. ಅದೃಷ್ಟವನ್ನು ದೂರುವ ಮುಂಚೆ ಎಳೆಯರು ಈ ಭಾಗಾಕಾರವನ್ನು ಒಮ್ಮೆ ಮಾಡಿ ನೋಡಬೇಕು.

ಆದರೂ ವಿಜ್ಞಾನಿಗೆ ಈ ದರಗಳು ನಿಷ್ಪ್ರಯೋಜಕವಲ್ಲ. ಒಬ್ಬ ಆಟಗಾರ ಗಾಯಗೊಂಡ ಸುದ್ದಿ ಬಂದರೆ ದರ ಬದಲಾಗುತ್ತದೆ. ಒಂದು ತಂಡದ ಮೇಲೆ ಹಣದ ಹೊಳೆ ಹರಿದರೆ ದರ ಇಳಿಯುತ್ತದೆ. ಸಾವಿರಾರು ಜನರ ತಿಳಿವಳಿಕೆ ಒಂದು ಸಂಖ್ಯೆಯಲ್ಲಿ ಘನೀಭವಿಸುತ್ತದೆ. ನಮ್ಮ ಉದಾಹರಣೆಯ ಮೂರು ಸಂಖ್ಯೆಗಳನ್ನೂ 1.08ರಿಂದ ಭಾಗಿಸಿದರೆ ಲಾಭಾಂಶ ಕಳೆದು ನೂರಕ್ಕೆ 74.1, 18.5, 7.4 ಎಂಬ ಅಂದಾಜು ಸಿಗುತ್ತದೆ. ಇದೂ ಪೂರ್ತಿ ನಿಖರವಲ್ಲ. ಗೆಲ್ಲುವ ಸಂಭವ ಕಡಮೆಯಿರುವ ಕುದುರೆಗಳ ಮೇಲೆ ಜನರು ಯೋಗ್ಯತೆಗೆ ಮೀರಿ ಹಣ ಕಟ್ಟುವರೆಂಬುದನ್ನು ಗ್ರಿಫಿತ್ ಎಂಬ ಮನಶ್ಶಾಸ್ತ್ರಜ್ಞನು 1949ರಲ್ಲಿಯೇ ಕುದುರೆ ಪಂದ್ಯಗಳ ದಾಖಲೆಗಳಿಂದ ತೋರಿಸಿದ್ದನು. ಹತ್ತು ಪಾಲು ಲಾಭದ ಆಸೆ ಕಣ್ಣನ್ನು ಮಬ್ಬುಗೊಳಿಸುತ್ತದೆ.

ಬಲವನ್ನು ಅಳೆಯುವ ಕೋಲು

ಹಣದ ಗೊಡವೆಯಿಲ್ಲದೆ ತಂಡಗಳ ಬಲವನ್ನು ಅಳೆಯಲಾಗದೆ? ಈ ದಾರಿ ಚದುರಂಗದಿಂದ ಬಂದಿತು. ಹಂಗೆರಿಯಲ್ಲಿ ಹುಟ್ಟಿ ಅಮೆರಿಕದಲ್ಲಿ ಭೌತಶಾಸ್ತ್ರದ ಪ್ರಾಧ್ಯಾಪಕನಾಗಿದ್ದ ಆರ್ಪಾಡ್ ಈಲೊ ಚದುರಂಗದ ಆಟಗಾರರಿಗಾಗಿ ಒಂದು ಅಂಕಪದ್ಧತಿಯನ್ನು ರೂಪಿಸಿದನು. ವಿಶ್ವ ಚದುರಂಗ ಸಂಸ್ಥೆಯು 1970ರಲ್ಲಿ ಅದನ್ನು ಅಂಗೀಕರಿಸಿತು. ಕಾಲ್ಚೆಂಡಿನ ವಿಶ್ವಸಂಸ್ಥೆಯಾದ ಫಿಫಾ 2018ರಲ್ಲಿ ತನ್ನ ಪುರುಷರ ಶ್ರೇಯಾಂಕಕ್ಕೆ ಇದೇ ತತ್ತ್ವವನ್ನು ಅಳವಡಿಸಿಕೊಂಡಿತು.

ಇದರ ಮರ್ಮ ಸರಳ. ಎರಡು ತಂಡಗಳ ಅಂಕಗಳ ವ್ಯತ್ಯಾಸವನ್ನು 600ರಿಂದ ಭಾಗಿಸಿ, ದೊರೆತುದನ್ನು 10ರ ಘಾತವಾಗಿ ಇಡಿರಿ. ಬಂದ ಬೆಲೆಯನ್ನು, ಅದಕ್ಕಿಂತ 1 ಹೆಚ್ಚಾದ ಸಂಖ್ಯೆಯಿಂದ ಭಾಗಿಸಿದರೆ ಬಲಿಷ್ಠ ತಂಡದ ನಿರೀಕ್ಷಿತ ಫಲ ಸಿಗುತ್ತದೆ. ವಿಶ್ವಕಪ್ಪಿಗೆ ಮುಂಚೆ ಅರ್ಜೆಂಟೀನದ ಅಂಕ ಸುಮಾರು 1774, ಸೌದಿ ಅರೇಬಿಯದ್ದು ಸುಮಾರು 1438. ವ್ಯತ್ಯಾಸ 336, 600ರಿಂದ ಭಾಗಿಸಿದರೆ 0.56, 10ರ 0.56ನೆಯ ಘಾತ ಸುಮಾರು 3.63. ಇದನ್ನು 4.63ರಿಂದ ಭಾಗಿಸಿದರೆ 0.78. ಗೆಲುವಿಗೆ ಒಂದು, ಸಮಬಲಕ್ಕೆ ಅರ್ಧ, ಸೋಲಿಗೆ ಸೊನ್ನೆ ಎಂದು ಎಣಿಸಿದರೆ ಅರ್ಜೆಂಟೀನಕ್ಕೆ ನಿರೀಕ್ಷಿಸಬಹುದಾದ ಸರಾಸರಿ ಫಲ ಇದು.

ನಿರೀಕ್ಷೆ ತಪ್ಪಿದರೆ ಪದ್ಧತಿ ತನ್ನನ್ನು ತಾನೇ ತಿದ್ದಿಕೊಳ್ಳುತ್ತದೆ. ವಿಶ್ವಕಪ್ಪಿನ ಮೊದಲ ಸುತ್ತುಗಳಿಗೆ ಫಿಫಾ ಕೊಡುವ ತೂಕ 50. ಸೋತ ಅರ್ಜೆಂಟೀನ 50ನ್ನು 0.78ರಿಂದ ಗುಣಿಸಿದಷ್ಟು, ಎಂದರೆ ಸುಮಾರು 39 ಅಂಕಗಳನ್ನು ಕಳೆದುಕೊಳ್ಳಬೇಕು. ಗೆದ್ದವರಿಗೆ ಅಷ್ಟೇ ಲಭ್ಯ.

ಕುದುರೆಯ ಒದೆತದಿಂದ ಚೆಂಡಿನ ಒದೆತಕ್ಕೆ

ಯಾರು ಗೆಲ್ಲುವರೆಂಬುದಷ್ಟೇ ಅಲ್ಲ, ಎಷ್ಟು ಗೋಲುಗಳಿಂದ ಎಂಬುದನ್ನೂ ತಿಳಿಯುವ ಆಸೆ ಮನುಷ್ಯನಿಗೆ. ಇಲ್ಲಿ ನೆರವಿಗೆ ಬರುವುದು ಫ್ರಾನ್ಸಿನ ಗಣಿತಜ್ಞ ಪ್ವಾಸೊನ್ 1837ರಲ್ಲಿ ಪ್ರಕಟಿಸಿದ ಒಂದು ಸೂತ್ರ. ಅಪರೂಪವಾಗಿ, ಒಂದರ ಹಂಗು ಇನ್ನೊಂದಕ್ಕಿಲ್ಲದೆ ನಡೆಯುವ ಘಟನೆಗಳ ಸರಾಸರಿ ತಿಳಿದಿದ್ದರೆ, ಅವು ಸೊನ್ನೆ, ಒಂದು, ಎರಡು, ಮೂರು ಬಾರಿ ಸಂಭವಿಸುವ ಸಾಧ್ಯತೆಯನ್ನು ಅದು ಹೇಳುತ್ತದೆ. 1898ರಲ್ಲಿ ಬೋರ್ಟ್‌ಕೀವಿಚ್ ಎಂಬಾತನು ಪ್ರಷ್ಯದ ಅಶ್ವದಳದಲ್ಲಿ ಕುದುರೆಯ ಒದೆತದಿಂದ ಸತ್ತ ಸೈನಿಕರ ಲೆಕ್ಕವನ್ನು ಇದಕ್ಕೆ ಒಡ್ಡಿದನು. 10 ದಳಗಳ 20 ವರ್ಷಗಳ ದಾಖಲೆಯಲ್ಲಿ ಸಾವುಗಳು 122. ದಳವೊಂದಕ್ಕೆ ವರ್ಷಕ್ಕೆ 0.61. ಒಂದೂ ಸಾವಿಲ್ಲದ ದಾಖಲೆಗಳು 109. ಸೂತ್ರದ ಉತ್ತರವೂ 109ಕ್ಕೆ ಅತಿ ಸಮೀಪ! ಮೃತ್ಯುವೂ ಗಣಿತದ ಶಿಸ್ತಿಗೆ ಒಳಪಟ್ಟಿತ್ತು.

ಕಾಲ್ಚೆಂಡಿನ ಗೋಲೂ ಇಂಥದೇ ಅಪರೂಪದ ಘಟನೆ. 2022ರ ವಿಶ್ವಕಪ್ಪಿನ 64 ಪಂದ್ಯಗಳಲ್ಲಿ ಬಿದ್ದ ಗೋಲುಗಳು 172. ಪಂದ್ಯಕ್ಕೆ ಮೂರೂ ಇಲ್ಲ. 1982ರಲ್ಲಿ ಮಾಹರ್ ಎಂಬ ಸಂಖ್ಯಾಶಾಸ್ತ್ರಜ್ಞನು ಪ್ರತಿಯೊಂದು ತಂಡಕ್ಕೂ ಒಂದು ದಾಳಿಯ ಬಲ, ಒಂದು ರಕ್ಷಣೆಯ ಬಲ ಎಂದಿಟ್ಟು ಈ ಸೂತ್ರವನ್ನು ಆಟಕ್ಕೆ ಹೊಂದಿಸಿದನು. 1997ರಲ್ಲಿ ಡಿಕ್ಸನ್ ಮತ್ತು ಕೋಲ್ಸ್ ಎಂಬವರು ಕಡಮೆ ಗೋಲುಗಳ ಪಂದ್ಯಗಳಲ್ಲಿ ಸೂತ್ರವು ತಪ್ಪುವುದನ್ನು ಗಮನಿಸಿ ತಿದ್ದುಪಡಿ ಮಾಡಿದರು.

ತಿದ್ದುಪಡಿಯಿಲ್ಲದ ಸರಳ ರೂಪದಲ್ಲಿಯೇ ನಾವೂ ಲೆಕ್ಕ ಹಾಕೋಣ. ಉದಾಹರಣೆಗಾಗಿ ಅರ್ಜೆಂಟೀನದ ಸರಾಸರಿ 2 ಗೋಲು, ಸೌದಿ ಅರೇಬಿಯದ್ದು 0.6 ಎಂದಿಟ್ಟುಕೊಂಡರೆ, ಅರ್ಜೆಂಟೀನ ಗೆಲ್ಲುವ ಸಂಭವ ನೂರಕ್ಕೆ 70, ಸಮಬಲ 20, ಸೌದಿ ಅರೇಬಿಯದ ಗೆಲುವು 10ರಷ್ಟು ಬರುತ್ತದೆ. 70ಕ್ಕೆ ಸಮಬಲದ ಅರ್ಧವನ್ನು ಕೂಡಿಸಿದರೆ 80. ಶ್ರೇಯಾಂಕ ಕೊಟ್ಟ 78ರಿಂದ ಬಹುದೂರವಿಲ್ಲ. ಅತ್ಯಂತ ಸಂಭವನೀಯವಾದ 1–0 ಮತ್ತು 2–0 ಎಂಬ ಫಲಿತಾಂಶಗಳಿಗೂ ದೊರೆಯುವುದು ತಲಾ 15ಕ್ಕಿಂತ ಕಡಮೆ. ನಿಜವಾಗಿ ನಡೆದ 2–1ಕ್ಕೆ ಸಿಕ್ಕುವುದು ನೂರಕ್ಕೆ 2.7. ಕರಾರುವಾಕ್ಕಾಗಿ ಗೋಲುಗಳ ಸಂಖ್ಯೆಯನ್ನೇ ನುಡಿಯುವವನನ್ನು ಏಕೆ ನಂಬಬಾರದೆಂಬುದು ಇದರಿಂದ ಸ್ಪಷ್ಟ.

ಕಾಲ್ಚೆಂಡಿನಲ್ಲಿ ಇಂಥ ಅಚ್ಚರಿಗಳು ಹೆಚ್ಚೇಕೆ? ಗೋಲುಗಳು ಕಡಮೆಯಾದುದರಿಂದಲೇ. ಪ್ರತಿಯೊಂದು ಗೋಲೂ ಉತ್ತಮ ತಂಡದ್ದಾಗುವ ಸಂಭವ ನೂರಕ್ಕೆ 60 ಎಂದಿರಲಿ. ಒಟ್ಟು ಮೂರೇ ಗೋಲುಗಳಾದರೆ ಉತ್ತಮ ತಂಡ ಗೆಲ್ಲುವ ಸಂಭವ 65 ಮಾತ್ರ. ಅದೇ 101 ಅಂಕಗಳ ಆಟವಾದರೆ ಅದು ಸುಮಾರು 98ಕ್ಕೆ ಏರುತ್ತದೆ. ಎಣಿಕೆ ಹೆಚ್ಚಿದಷ್ಟೂ ಯೋಗ್ಯತೆ ಮೇಲೇಳುತ್ತದೆ, ಆಕಸ್ಮಿಕ ತಳ ಸೇರುತ್ತದೆ.

ಭವಿಷ್ಯಕಾರನಿಗೂ ಪರೀಕ್ಷೆ

2010ರ ವಿಶ್ವಕಪ್ಪಿನಲ್ಲಿ ಜರ್ಮನಿಯ ಓಬರ್‌ಹೌಸನ್ ನಗರದ ಪಾಲ್ ಎಂಬ ಅಷ್ಟಪಾದಿಯು ಜಗದ್ವಿಖ್ಯಾತವಾಯಿತು. ಎರಡು ದೇಶಗಳ ಧ್ವಜವಿದ್ದ ಎರಡು ಪೆಟ್ಟಿಗೆಗಳಲ್ಲಿ ಯಾವುದರಿಂದ ಅದು ಆಹಾರ ತೆಗೆದುಕೊಳ್ಳುವುದೋ ಆ ತಂಡ ಗೆಲ್ಲುವುದೆಂದು ಎಣಿಕೆ. ಎಂಟಕ್ಕೆ ಎಂಟೂ ಸರಿಯಾದುವು! ನಾಣ್ಯ ಚಿಮ್ಮಿ ಎಂಟು ಬಾರಿ ಸರಿ ಹೇಳುವ ಸಂಭವ 256ರಲ್ಲಿ ಒಂದು. ಅಪರೂಪವೇ ಸರಿ. ಆದರೆ 256 ಪ್ರಾಣಿಗಳು ಭವಿಷ್ಯ ನುಡಿಯಲು ಕುಳಿತರೆ ಒಂದಾದರೂ ಹೀಗೆ ಗೆದ್ದೀತೆಂದು ನಿರೀಕ್ಷಿಸಬಹುದು. ಸೋತವುಗಳ ಚಿತ್ರ ಪತ್ರಿಕೆಯಲ್ಲಿ ಬರುವುದಿಲ್ಲ. 2008ರ ಯೂರೋಪು ಪಂದ್ಯಾವಳಿಯಲ್ಲಿ ಇದೇ ಪಾಲ್ ಆರರಲ್ಲಿ ಎರಡನ್ನು ತಪ್ಪಿತ್ತು.

ಹಾಗಾದರೆ ನ್ಯಾಯವಾದ ಪರೀಕ್ಷೆ ಯಾವುದು? 1950ರಲ್ಲಿ ಅಮೆರಿಕದ ಹವಾಮಾನ ಶಾಸ್ತ್ರಜ್ಞ ಗ್ಲೆನ್ ಬ್ರಯರ್ ಒಂದು ಅಳತೆಯನ್ನು ಸೂಚಿಸಿದನು. ನಡೆದುದಕ್ಕೆ 1, ನಡೆಯದುದಕ್ಕೆ 0 ಎಂದಿಟ್ಟು, ನಾವು ಹೇಳಿದ ಸಂಭವನೀಯತೆಗೂ ಅದಕ್ಕೂ ಇರುವ ವ್ಯತ್ಯಾಸಗಳ ವರ್ಗಗಳನ್ನು ಕೂಡಿಸಬೇಕು. ಮೊತ್ತ ಕಡಮೆಯಾದಷ್ಟೂ ಭವಿಷ್ಯ ಉತ್ತಮ.

ಲುಸೈಲಿನ ಪಂದ್ಯಕ್ಕೆ 0.7, 0.2, 0.1 ಎಂದವನಿಗೆ 0.49, 0.04, 0.81 ಕೂಡಿ 1.34ರ ದಂಡ. ಏನೂ ಅರಿಯದೆ ಮೂರಕ್ಕೂ ಸಮಪಾಲು ಹಂಚಿದವನಿಗೆ 0.67 ಮಾತ್ರ. ಆ ದಿನ ಅಜ್ಞಾನಿಯೇ ಗೆದ್ದನು! ಆದರೆ ಇಂಥ ನೂರು ಪಂದ್ಯಗಳಲ್ಲಿ ನಿಜವಾಗಿ 70, 20, 10ರಂತೆಯೇ ಫಲಿತಾಂಶಗಳು ಬಂದರೆ, ಬಲ್ಲವನ ಸರಾಸರಿ ದಂಡ 0.46ಕ್ಕೆ ಇಳಿಯುತ್ತದೆ, ಅಜ್ಞಾನಿಯದು 0.67ರಲ್ಲಿಯೇ ನಿಲ್ಲುತ್ತದೆ. ಒಂದು ದಿನದ ಸೋಲು ತಿಳಿವಳಿಕೆಯ ಸೋಲಲ್ಲ.

ನೂರಕ್ಕೆ ಹತ್ತು ಎಂದರೆ ಆಗುವುದಿಲ್ಲವೆಂದು ಅರ್ಥವಲ್ಲ; ಹತ್ತು ಬಾರಿಯಲ್ಲಿ ಒಮ್ಮೆ ಆಗಲೇಬಹುದೆಂದು ಅರ್ಥ. ಮಳೆಯ ಮುನ್ಸೂಚನೆಯಲ್ಲಿ, ವೈದ್ಯನು ಹೇಳುವ ಅಪಾಯದ ಪ್ರಮಾಣದಲ್ಲಿ, ಬೆಳೆಯ ಅಂದಾಜಿನಲ್ಲಿ ನಾವು ಜೀವನದುದ್ದಕ್ಕೂ ಇಂಥ ಸಂಖ್ಯೆಗಳನ್ನೇ ಎದುರಿಸಬೇಕಾಗಿದೆ. ಅಲ್ಲಿ ಈ ಅರ್ಥವನ್ನು ತಪ್ಪಿ ತಿಳಿದರೆ ಕಳೆದುಕೊಳ್ಳುವುದು ಪಂದ್ಯಕ್ಕಿಂತ ಹೆಚ್ಚಿನದು. ಆದುದರಿಂದಲೇ ಆಟದ ಮೈದಾನದಲ್ಲಿ ಅದನ್ನು ಕಲಿಯುವುದು ಲೇಸು.

ಕಥೆಯ ಕೊನೆಯನ್ನೂ ಹೇಳಿಬಿಡೋಣ. ಸೌದಿ ಅರೇಬಿಯವು ಮುಂದಿನ ಎರಡು ಪಂದ್ಯಗಳನ್ನೂ ಸೋತು ತನ್ನ ಗುಂಪಿನಲ್ಲಿ ಕಡೆಯ ಸ್ಥಾನಕ್ಕೆ ಇಳಿಯಿತು. ಅರ್ಜೆಂಟೀನ ಮತ್ತೆ ಸೋಲಲಿಲ್ಲ. ಡಿಸೆಂಬರ್ 18ರಂದು ಅದೇ ಲುಸೈಲ್ ಕ್ರೀಡಾಂಗಣದಲ್ಲಿ ಫ್ರಾನ್ಸಿನೊಡನೆ 3–3ರ ಸಮಬಲ ಸಾಧಿಸಿ, ಪೆನಾಲ್ಟಿ ಒದೆತಗಳಲ್ಲಿ 4–2ರಿಂದ ಗೆದ್ದು ವಿಶ್ವಕಪ್ಪನ್ನು ಎತ್ತಿತು. ಬಲದ ಅಂದಾಜು ತಪ್ಪಾಗಿರಲಿಲ್ಲ. ಹತ್ತರಲ್ಲಿ ಒಂದು ದಿನ ಮೊದಲೇ ಬಂದಿತ್ತು, ಅಷ್ಟೆ.