ಹೆಪಟೈಟಿಸ್ ಬಿ: ಆರಾಮಾಯ್ತು ಅಂತ ಮಾತ್ರೆ ಬಿಡಬೇಡಿ! ಟೆನೊಫೊವಿರ್ ಲಿವರ್ ಕಾಯೋದು ಹೇಗೆ?

ರಕ್ತ ಪರೀಕ್ಷೆಯಲ್ಲಿ 'ಎಚ್‌ಬಿಎಸ್‌ಎಜಿ ಪಾಸಿಟಿವ್' ಅಂತ ಬಂದರೆ ಹೆಪಟೈಟಿಸ್ ಬಿ ವೈರಸ್ ದೇಹದಲ್ಲಿದೆ ಎಂದರ್ಥ. 6 ತಿಂಗಳಾದರೂ ಹೋಗದಿದ್ದರೆ ಅದು ದೀರ್ಘಕಾಲದ ಸೋಂಕು. ಇಂಥವರಲ್ಲಿ ಚಿಕಿತ್ಸೆ ಅಗತ್ಯ ಇರುವವರಿಗೆ ವೈದ್ಯರು ಹೆಚ್ಚಾಗಿ ಬರೆಯುವ ಮಾತ್ರೆ ಟೆನೊಫೊವಿರ್.

ಇದು ಪ್ರಯೋಗಾಲಯದಲ್ಲಿ ತಯಾರಿಸಿದ ಔಷಧ. ಮೊದಲು ಎಚ್‌ಐವಿಗೆ ಬಳಸುತ್ತಿದ್ದರು. 2008ರಲ್ಲಿ ಅಮೆರಿಕದಲ್ಲಿ ಹೆಪಟೈಟಿಸ್ ಬಿಗೂ ಒಪ್ಪಿಗೆ ಸಿಕ್ಕಿತು.

ಕೆಲಸ ಮಾಡೋದು ಹೇಗೆ?

ವೈರಸ್ ಲಿವರ್ ಜೀವಕೋಶದೊಳಗೆ ತನ್ನ ಡಿಎನ್‌ಎ ಸರಪಳಿಯನ್ನು ನಕಲು ಮಾಡಿಕೊಂಡು ಹೆಚ್ಚುತ್ತದೆ. ಟೆನೊಫೊವಿರ್ ಥೇಟ್ ಆ ಸರಪಳಿಯ ಕೊಂಡಿಯಂತೆಯೇ ಇರುತ್ತೆ. ವೈರಸ್ ಮೋಸಹೋಗಿ ಇದನ್ನೇ ಜೋಡಿಸಿಕೊಳ್ಳುತ್ತೆ. ಆದರೆ ಇದಕ್ಕೆ ಮುಂದಿನ ಕೊಂಡಿ ಸೇರೋದಿಲ್ಲ, ಸರಪಳಿ ಅಲ್ಲಿಗೇ ನಿಲ್ಲುತ್ತೆ. ವೈರಸ್ ಇಳಿದಂತೆ ಲಿವರ್‌ನ ಉರಿಯೂತ ತಗ್ಗಿ, ಸಿರೋಸಿಸ್, ಕ್ಯಾನ್ಸರ್ ಅಪಾಯವೂ ಕಡಿಮೆಯಾಗುತ್ತದೆ.

ನಿಲ್ಲಿಸಿದರೆ ಏನಾಗುತ್ತೆ?

ಜೀವಕೋಶದ ಕೇಂದ್ರದಲ್ಲಿ ಅಡಗಿರುವ ವೈರಸ್‌ನ ಮೂಲ ಪ್ರತಿಯನ್ನು ಈ ಮಾತ್ರೆ ಅಳಿಸುವುದಿಲ್ಲ. ನಾವೇ ನಿಲ್ಲಿಸಿದರೆ ವೈರಸ್ ಮತ್ತೆ ತಲೆ ಎತ್ತುತ್ತೆ. ಕೆಲವರಿಗೆ ಲಿವರ್ ಫೇಲ್ ಆಗುವಷ್ಟು ಜೋರಾಗಬಹುದು. ಕಾಮಾಲೆಗೆ ನಾಟಿ ಔಷಧ ತಗೊಳ್ತೀವಿ ಅಂತ ಇದನ್ನು ಬಿಡುವುದೂ ಅಷ್ಟೇ ಅಪಾಯ. ಮಾತ್ರೆಯಿಂದ ಕೆಲವರ ಕಿಡ್ನಿ, ಮೂಳೆಗೆ ತೊಂದರೆ ಆಗಬಹುದು. ಹಾಗಾಗಿ ವೈದ್ಯರು ಹೇಳಿದಾಗ ತಪ್ಪದೆ ಪರೀಕ್ಷೆ ಮಾಡಿಸಿ.

2018ರ ಜುಲೈ 28ರಂದು ಶುರುವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಡಿ ಪರೀಕ್ಷೆ, ಮಾತ್ರೆ ಎರಡೂ ಉಚಿತ. ಜಿಲ್ಲಾಸ್ಪತ್ರೆಯಲ್ಲಿ ವಿಚಾರಿಸಿ. ಜೊತೆಗೆ ಕೂತು ಉಂಡರೆ ಈ ಸೋಂಕು ಹರಡಲ್ಲ. ಆದರೆ ಮನೆಯವರೂ ಪರೀಕ್ಷೆ ಮಾಡಿಸಿಕೊಂಡು, ಸೋಂಕಿಲ್ಲದಿದ್ದರೆ ಲಸಿಕೆ ಹಾಕಿಸಿಕೊಳ್ಳುವುದು ಒಳ್ಳೆಯದು.