ನಿಮಗಿದು ಗೊತ್ತೇ? ಶಹಾಪುರದಲ್ಲೂ ಒಮ್ಮೆ ಕಡಲಿತ್ತು!

* ಕಡಲಿಗೂ ನಮಗೂ ಏನು ನಂಟು ಎನ್ನುವ ಯಾದಗಿರಿಯವರು ಮನೆಯ ಶಹಾಬಾದಿ ಫರಸಿ ನೋಡಲಿ. ಅದು ಆಳವಿಲ್ಲದ ಕಡಲಿನ ತಳದಲ್ಲಿ ಕೂತ ಸುಣ್ಣದ ಕೆಸರು. ವಯಸ್ಸು 50 ಕೋಟಿ ವರ್ಷಕ್ಕೂ ಹೆಚ್ಚು. ಶಹಾಪುರ, ಸೇಡಂ ಸೀಮೆಯ ಈ ಕಲ್ಲಿನ ಪದರಗಳಿಗೆ ಭೂವಿಜ್ಞಾನಿಗಳು ಇಟ್ಟಿದ್ದು ನಮ್ಮ ಹೊಳೆಯ ಹೆಸರನ್ನೇ: ‘ಭೀಮಾ ಸಮೂಹ’. ಬುದ್ಧ ಮಲಗಿದಂತೆ ಕಾಣುವ ಶಹಾಪುರದ ಗುಡ್ಡ ಮಾತ್ರ ಗ್ರಾನೈಟು. ಆ ಕಡಲಿಗಿಂತಲೂ ಬಹಳ ಹಿರಿಯ.

* ನೀರಿನ ಆಳ ಅಲೆಯುದ್ದದ (ಒಂದು ಅಲೆಯ ತುದಿಯಿಂದ ಮುಂದಿನ ಅಲೆಯ ತುದಿವರೆಗಿನ ದೂರ) ಅರ್ಧಕ್ಕಿಂತ ಕಡಿಮೆಯಾದರೆ ಅಲೆಗೆ ತಳ ತಾಗುತ್ತದೆ. 100 ಮೀಟರ್ ಉದ್ದದ ಕಡಲಲೆಗೆ 50 ಮೀಟರ್ ಆಳದಲ್ಲೇ! ನಾರಾಯಣಪುರದ ಬಸವಸಾಗರದಲ್ಲಿ ಗಾಳಿಗೆ ಏಳುವ ಗಿಡ್ಡ ಅಲೆಗಳಿಗೆ ದಂಡೆಯ ಅಂಚಷ್ಟೇ ಎಟಕುತ್ತದೆ.

* ತಳ ತಾಗಿದ ಅಲೆ ನಿಧಾನಿಸುತ್ತದೆ, ಮೈ ಕುಗ್ಗಿಸಿ ಎತ್ತರವಾಗುತ್ತದೆ. 1 ಮೀಟರ್ ಎತ್ತರದ್ದು ಸುಮಾರು 1.3 ಮೀಟರ್ ನೀರಿನಲ್ಲಿ ಮಗುಚಿ ಬೀಳುತ್ತದೆ.

* ಅಲೆಗಳು ತಳದ ಉಸುಕಿನ ಮೇಲೆ ಮೂಡಿಸುವ ಸುಕ್ಕುಗಳ ಗುಟ್ಟು ಬಿಡಿಸಿದವರಲ್ಲಿ ಹರ್ತಾ ಏರ್ಟನ್ ಒಬ್ಬರು. ಮದುವೆಯಾದವಳೆಂದು ಲಂಡನ್ನಿನ ರಾಯಲ್ ಸೊಸೈಟಿ 1902ರಲ್ಲಿ ಅವರಿಗೆ ಸದಸ್ಯತ್ವ ಕೊಡಲಿಲ್ಲ. 1904ರಲ್ಲಿ ಅದೇ ಸೊಸೈಟಿಯಲ್ಲಿ ಸ್ವತಃ ಪ್ರಬಂಧ ಓದಿದ ಮೊದಲ ಮಹಿಳೆಯಾದರು. ವಿಷಯ ಇದೇ ಸುಕ್ಕು! ನೀರು ಹಿಂದೆ ಮುಂದೆ ತೂಗುವಾಗ ಸಣ್ಣ ಉಬ್ಬಿನ ಹಿಂದೆ ಸುಳಿ ಏಳುತ್ತದೆ. ಸುಳಿ ತಗ್ಗಿನ ಉಸುಕು ಎತ್ತಿ ಉಬ್ಬಿಗೆ ಸೇರಿಸುತ್ತದೆ. ಉಬ್ಬು ಬೆಳೆದರೆ ಸುಳಿಯೂ ಬೆಳೆಯುತ್ತದೆ. ಇತ್ತ ಆ ಸುಕ್ಕುಗಳೇ ಅಲೆಯ ಬಲ ಹೀರುತ್ತವೆ. ಬಿರುಗಾಳಿಯ ದೊಡ್ಡ ಅಲೆ ಬಂದರೆ ಎಲ್ಲ ಅಳಿಸಿ ತಳ ಸಪಾಟು.

* ಬ್ಯಾಸಗಿಯಲ್ಲಿ ಭೀಮೆಗೋ, ಸುರಪುರದ ಕಡೆ ಕೃಷ್ಣೆಗೋ ಹೋದಾಗ ಉಸುಕು ಉಳಿದಿದ್ದರೆ (ಟಿಪ್ಪರ್‌ಗಳು ಬಿಟ್ಟಿದ್ದರೆ!) ಸುಕ್ಕು ಪರೀಕ್ಷಿಸಿ. ಹರಿವು ಮೂಡಿಸಿದ್ದಾದರೆ ಒಂದು ಬದಿ ಇಳಿಜಾರು, ನೀರು ಹೋದ ಬದಿ ಕಡಿದು. ಅಲೆ ಮೂಡಿಸಿದ್ದಕ್ಕೆ ಎರಡೂ ಬದಿ ಸಮ. ಹಳೆಯ ಮರಳುಗಲ್ಲು ಹೊಳೆಯದ್ದೋ ಕಡಲಿನದ್ದೋ ಎಂದು ತಿಳಿಯಲೂ ಇದೊಂದು ಸುಳಿವು.

* ಮುಂಗಾರಿನಲ್ಲಿ ಕರಾವಳಿಯ ದಂಡೆ ಕರಗಿದಾಗ ಎಲ್ಲ ಉಸುಕೂ ಕಾಣೆಯಾಗುವುದಿಲ್ಲ. ಬಹಳಷ್ಟು ಸ್ವಲ್ಪ ಆಚೆ ನೀರಿನಡಿ ದಿಬ್ಬವಾಗಿ ಕೂರುತ್ತದೆ. ಮುಂದಿನ ದೊಡ್ಡ ಅಲೆಗಳು ಅಲ್ಲೇ ಒಡೆಯುವುದರಿಂದ ದಂಡೆಗೆ ಪೆಟ್ಟು ಕಡಿಮೆ. ಮಳೆಗಾಲ ಮುಗಿದ ಮೇಲೆ ಮೆತ್ತನೆಯ ಅಲೆಗಳು ಉಸುಕನ್ನು ನಿಧಾನಕ್ಕೆ ಮರಳಿ ತರುತ್ತವೆ.

* ಆ ದಿಬ್ಬದಲ್ಲಿ ಅಲ್ಲಲ್ಲಿ ಕಿಂಡಿಗಳಿರುತ್ತವೆ. ಅಲೆ ತಂದು ಸುರಿದ ನೀರು ಅಲ್ಲಿಂದಲೇ ರಭಸವಾಗಿ ಕಡಲಿಗೆ ಮರಳುತ್ತದೆ. ಗೋಕರ್ಣ, ಮುರ್ಡೇಶ್ವರಕ್ಕೆ ಹೊರಟವರು ಗಮನಿಸಿ: ಎರಡು ಕಡೆ ನೊರೆ ಎದ್ದು ನಡುವೆ ಮಾತ್ರ ಅಲೆ ಒಡೆಯದೆ ‘ಶಾಂತ’ವಾಗಿ ಕಂಡರೆ ಅಲ್ಲಿ ಇಳಿಯಬೇಡಿ. ಸಿಕ್ಕಿಬಿದ್ದರೆ ಸೆಳೆತದ ಎದುರು ಈಜದೆ, ದಂಡೆಯುದ್ದಕ್ಕೆ ಅಡ್ಡ ಈಜಿ ಹೊರಬನ್ನಿ.